ಸೋಪು ಸವರಿದ ಬೆಲ್ಟ್

ಮಾರ್ಚ್ 3, ಸೋಮವಾರ

ಏಳಕ್ಕೆ ಶೆಡ್ಡಿನ ಶಟರ್ ಎತ್ತಿದೆ. ಡೀಸೆಲ್ ಫಿಲ್ಟರ್ ಬಿಚ್ಚಿ ನೀರು ಇಳಿಸಿದೆ. ಅರ್ಧ ಲೋಟ ಬಂತು. ಒಂದು ವರ್ಷ ನಿಂತ ಗಾಡಿ, ಇನ್ನೇನು ಹಾಲು ಬರುತ್ತದೆಯೇ. ಮೂರನೇ ಸಲಕ್ಕೆ ಎಂಜಿನ್ ಎದ್ದಿತು. ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು, ಆಮೇಲೆ ಏನೂ ಇಲ್ಲ. ಮುದುಕರು ಬೆಳಿಗ್ಗೆ ಕೆಮ್ಮಿ ಕೆಮ್ಮಿ ಸುಮ್ಮನಾಗುವ ಹಾಗೆ.

ಆಮೇಲೆ ಕೂಗು. ಕೀ… ಕೀ… ಅಂತ ಬಾನೆಟ್ಟಿನ ಒಳಗಿಂದ. ನೋಡೋಣ ಅಂತ ಹಾಕಿದ್ದು ಮೊಳೆಗೆ ನೇತುಹಾಕಿದ್ದ ಯಾವುದೋ ಹಳೇ ಬೆಲ್ಟ್. ಕೂಗದೆ ಇನ್ನೇನು ಮಾಡುತ್ತದೆ. ಆದರೂ ಕೈ ತಾನಾಗಿಯೇ ಹೋಗಿ ಎಂಜಿನ್ ಆಫ್ ಮಾಡಿತು. ಅದೇ ಸ್ವರ. ಹೋದ ವರ್ಷದ್ದೇ.

ಬಾಡಿ ಕೆಲಸ ಎಲ್ಲಾ ಮುಗಿದಿದೆ. ರೇಡಿಯೇಟರ್, ಬಂಪರ್, ಎಡಗಡೆ ಲೈಟು, ಮುಂದಿನ ಗ್ಲಾಸು — ಹೊಸದು. ಉಳಿದದ್ದು ಬೆಲ್ಟ್ ಒಂದೇ. ಕೊನೆಗೆ ಉಳಿಸಿಕೊಂಡವನು ನಾನೇ.

ತಂಗಿಯದು ದಿನಾ ಫೋನ್. "ಅಣ್ಣಾ, ಗಾಡಿ ಆಯ್ತಾ?"

ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. "ಆದಾಗ ಹೇಳ್ತೀನಿ, ಇಡು" ಅಂದೆ.

ಮಾರ್ಚ್ 4, ಮಂಗಳವಾರ

ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಬಾಯಿ ತುರಿಕೆ.

"ಏನ್ ಯಜಮಾನ್ರೇ, ಬೆಲ್ಟ್ ಕಾರಿಗಾ, ನಿಮ್ಮ ಸೊಂಟಕ್ಕಾ?"

"ನಿನ್ನ ನಾಲಿಗೆಗೆ. ಬಿಗಿಯಾಗಿ ಕಟ್ಬೇಕು. ಆರು ಗೀರಿನದು ಕೊಡು."

"ಯಾವ ಗಾಡಿಗೆ?"

"ಮೇಷ್ಟ್ರ ಗಾಡಿಗೆ."

ನಗು ನಿಂತಿತು. ಸುಮ್ಮನೆ ಏಣಿ ಹತ್ತಿ ಡಬ್ಬಿ ಇಳಿಸಿಕೊಟ್ಟ. "ಪಾಪ, ಕಣ್ಣು ಸರಿಯಾಗಿ ಕಾಣಿಸ್ತಿರ್ಲಿಲ್ವಂತೆ ಅವ್ರಿಗೆ. ಆಪರೇಷನ್ ಬೇರೆ ಬಾಕಿ ಇತ್ತಂತೆ" ಅಂದ.

"ಹೂಂ" ಅಂದೆ. ಇಡೀ ಊರೇ ಹಾಗೆ ಅನ್ನುತ್ತದೆ. ನನ್ನದು ಬರೀ ಹೂಂ.

ಮೇಷ್ಟ್ರು ಅಂದರೆ ತಂಗಿಯ ಗಂಡ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಶಾಲೆಯ ಮುಂದಿನ ಇಳಿಜಾರಿನಲ್ಲಿ, ಹಗಲು ಹನ್ನೊಂದಕ್ಕೆ, ತಿರುವಿನ ಕಲ್ಲುಗೋಡೆಗೆ ಹೋಗಿ ಗುದ್ದಿದರು.

ಬೆಲ್ಟ್ ಹಾಕಿದೆ. ಈ ಗಾಡಿಯಲ್ಲಿ ಒಂದೇ ಬೆಲ್ಟು, ಹಾವಿನ ಹಾಗೆ ಎಲ್ಲ ಪುಲಿ ಚಕ್ರಗಳನ್ನೂ ಸುತ್ತಿ ಬರುತ್ತದೆ. ಡೈನಮೋ, ಸ್ಟೀರಿಂಗ್ ಪಂಪು, ಏಸಿ, ಎಲ್ಲಾ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಕೂತಿರುವುದೂ ಡೈನಮೋ ಬೆನ್ನಿಗೇ. ಬೆಲ್ಟ್ ಹೋದರೆ ಸ್ಟೀರಿಂಗ್ ಕಲ್ಲು. ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕೂ ಕಲ್ಲು.

ಸ್ಟಾರ್ಟ್ ಮಾಡಿದೆ. ಸದ್ದಿಲ್ಲ. ಹತ್ತು ಎಣಿಸಿದೆ. ಹನ್ನೊಂದಕ್ಕೆ ಕೀ… ಅಂದಿತು.

ಹೊಚ್ಚ ಹೊಸ ಬೆಲ್ಟ್.

ಮಾರ್ಚ್ 5, ಬುಧವಾರ

ಹೊಸದನ್ನು ಬಿಚ್ಚಿ ಪುಲಿಗಳನ್ನು ನೋಡಿದೆ. ಗೀರುಗಳೊಳಗೆ ಬಿಳೀ ಪುಡಿ ಗಟ್ಟಿಯಾಗಿ ಕೂತಿದೆ. ಬೇರೆ ಯಾರಾದರೂ ಸುಣ್ಣ ಅನ್ನಬಹುದು. ಉಗುರಲ್ಲಿ ಕೆರೆದು ಮೂಸಿದೆ. ಬಟ್ಟೆ ಸೋಪು.

ಹಲ್ಲುಜ್ಜುವ ಬ್ರಷ್ ತಂದು ಉಜ್ಜುತ್ತಾ ಕೂತೆ. ಮನೆಯವಳು ಬಂದು ನಿಂತಳು.

"ರೀ, ಅದು ನನ್ನ ಬ್ರಷ್ಷಲ್ವಾ?"

"ಹೌದು. ಅದರಲ್ಲೇನಿದೆ ಈಗ?"

"ನಿಮ್ದೂ ಇತ್ತಲ್ಲ ಪಕ್ಕದಲ್ಲೇ! ಕಾರಿನ ಹಲ್ಲುಜ್ಜೋಕೆ ನಂದೇ ಬೇಕಿತ್ತಾ? ಮೂವತ್ತು ವರ್ಷ ಆಯ್ತು ನಿಮ್ಮನ್ನ ಕಟ್ಕೊಂಡು, ಒಂದು ಬ್ರಷ್ ಉಳಿಸ್ಕೊಳೋಕಾಗ್ಲಿಲ್ಲ."

"ಹೋಗೇ ಒಳಗೆ" ಅಂದೆ. ಹೋದಳು. ನನ್ನ ಬ್ರಷ್ಷನ್ನು ಕಸದಬುಟ್ಟಿಗೆ ಎಸೆದು ಹೋದಳು.

ಬರೆಯಲೇಬೇಕು. ಬರೆಯದಿದ್ದರೂ ಅದೇ ತಲೆಯಲ್ಲಿ ಸುತ್ತುತ್ತಿದೆ.

ಹೋದ ವರ್ಷ ಮಾರ್ಚ್ ಇಪ್ಪತ್ತೊಂದು. ಮೇಷ್ಟ್ರು ಬೆಳಿಗ್ಗೆಯೇ ಬಂದರು. "ಭಾವ, ಗಾಡಿ ಒಂದೇ ಸಮ ಕೂಗ್ತಿದೆ. ಬೀದಿಯೋರೆಲ್ಲಾ ತಿರುಗಿ ನೋಡ್ತಾರೆ. ಬೆಲ್ಟ್ ಬದಲಾಯಿಸ್ಬಿಡಿ" ಅಂದರು. ಅಂಗಳದಲ್ಲಿ ಮೂರು ಗಾಡಿ ಬಾಯಿ ತೆರೆದುಕೊಂಡು ನಿಂತಿದ್ದವು. ಸಾಲದ್ದಕ್ಕೆ ಗೋಡೆಯ ಬೋರ್ಡಿನಲ್ಲಿ ನಾನು 'ಬ್ರೆಕ್' ಅಂತ ಬರೆದದ್ದನ್ನು ಓದಿ ನಕ್ಕರು. "ಭಾವ, ಬ್ರೇಕಿಗೆ ದೀರ್ಘ ಬೇಕು. ದೀರ್ಘ ಇಲ್ದಿದ್ರೆ ಹಿಡಿಯಲ್ಲ!"

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬಿಡಿಸಿದರು ಅಂದರೆ ಸರಿ. ದೀರ್ಘ, ಒತ್ತು ಅಂದರೆ ನನಗೆ ಈಗಲೂ ಬೆತ್ತ ಕಾಣುತ್ತದೆ. ತಲೆ ಕೆಟ್ಟಿತು. ಅವರು ಟೀ ಕುಡಿಯಲು ಒಳಗೆ ಹೋದಾಗ ಒಗೆಯುವ ಕಲ್ಲಿನ ಮೇಲಿದ್ದ ಸೋಪು ತಂದೆ. ಎಂಜಿನ್ ಓಡುತ್ತಿರುವಾಗಲೇ ಬೆಲ್ಟಿನ ಹೊಟ್ಟೆಗೆ ಸವರಿದೆ. ಕೂಗು ಅಲ್ಲಿಗೇ ನಿಂತಿತು. ನಮ್ಮ ಕೆಲಸದಲ್ಲಿ ಅದಕ್ಕೆ ಬಾಯಿ ಮುಚ್ಚಿಸುವುದು ಅನ್ನುತ್ತೇವೆ. ಕೂಗು ನಿಲ್ಲುತ್ತದೆ, ಬೆಲ್ಟ್ ಜಾರುವುದು ನಿಲ್ಲುವುದಿಲ್ಲ. ನಾಲ್ಕು ದಿನ ತಳ್ಳಲಿ, ಬರುವ ವಾರ ಹೊಸದು ಹಾಕಿದರಾಯಿತು ಅಂದುಕೊಂಡೆ.

ಮೇಷ್ಟ್ರು ಹೊರಗೆ ಬಂದು ಕಿವಿಗೊಟ್ಟರು.

"ಬೆಲ್ಟ್ ಆಯ್ತಾ ಭಾವ?"

"ಆಯ್ತು ಆಯ್ತು, ತಗೊಂಡ್ಹೋಗಿ."

ಇಷ್ಟೇ. ಇಷ್ಟೇ ಮಾತು. ಆಯ್ತು ಅಂದರೆ ಮುಗಿಯಿತು ಅಂತಲೂ ಆಗುತ್ತದೆ. ಆಯ್ತು ಅಂದರೆ ಸರಿ, ಮಾಡುತ್ತೇನೆ, ಈಗ ತಲೆ ತಿನ್ನಬೇಡಿ ಅಂತಲೂ ಆಗುತ್ತದೆ. ನಾನು ಅಂದದ್ದು ಯಾವುದು? ಒಂದು ವರ್ಷದಿಂದ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ನನಗೇ ಗೊತ್ತಾಗುವುದಿಲ್ಲ. ಒಂದು ದೀರ್ಘಕ್ಕೆ ಅಷ್ಟು ವಾದ ಮಾಡುವ ಮನುಷ್ಯ, ಇದಕ್ಕೆ ಮಾತ್ರ ಅರ್ಥ ಕೇಳಲಿಲ್ಲ.

ಎರಡನೇ ದಿನಕ್ಕೆ ಆ ತಿರುವಿನಲ್ಲಿ ತೀರಿಹೋದರು.

ಗಾಡಿ ನನ್ನ ಶೆಡ್ಡಿಗೇ ಬಂತು. ಬೆಲ್ಟ್ ಹರಿದು ಚೂರಾಗಿ ಕೆಳಗೆ ಸಿಕ್ಕಿಕೊಂಡಿತ್ತು. ತನಿಖೆಗೆ ಬಂದವನು ಕೇಳಿದ, "ಗುದ್ದಿದ ಏಟಿಗೆ ಹರಿದಿರಬೇಕು, ಅಲ್ವಾ?" ನಾನು, "ಇರಬಹುದು ಸಾರ್." ಅವನು ಬರೆದುಕೊಂಡು ಹೋದ. ಚಾಲಕನ ದೃಷ್ಟಿದೋಷ.

ಮಾರ್ಚ್ 7, ಶುಕ್ರವಾರ, ಮಧ್ಯಾಹ್ನ 3

ಪುಲಿ ಫಳಫಳ. ಬೆಲ್ಟ್ ಹೊಸದು. ಕೂಗು ಹಾಗೇ. ಓಡುವ ಬೆಲ್ಟಿಗೆ ನೀರು ಚಿಮುಕಿಸಿ ನೋಡಿದೆ. ಸೊಲ್ಲು ಅಡಗಲೂ ಇಲ್ಲ, ಜೋರಾಗಲೂ ಇಲ್ಲ. ಹಾಗಿದ್ದರೆ ಬೆಲ್ಟಿನದಲ್ಲ. ಮತ್ತೆ ಯಾವುದರದ್ದು? ಬಾನೆಟ್ ಮುಚ್ಚಿ ಬ್ಯಾಟರಿ ವೈರು ಬಿಚ್ಚಿ ಬೀಗ ಹಾಕಿ ಬಂದೆ.

ಊಟ ಮಾಡಿ ಮಲಗಿದ್ದೆ. ಕೂಗು ಕೇಳಿತು. ಬಾವಿಯ ರಾಟೆ ಇರಬೇಕು ಅಂದುಕೊಂಡೆ. ನಮ್ಮ ಬೀದಿಯಲ್ಲಿ ಬಾವಿಯೇ ಇಲ್ಲ. ಎದ್ದು ಓಡಿದೆ. ಶೆಡ್ಡಿಗೆ ಬೀಗ ಹಾಕಿದ ಹಾಗೇ ಇದೆ. ವೈರು ಬಿಚ್ಚಿದ ಹಾಗೇ ಇದೆ. ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿ.

ತಗಡಿನ ಶೆಡ್ಡು. ಮಟಮಟ ಮಧ್ಯಾಹ್ನ. ಬಿಸಿ ಇರದೆ ಏನು. ಆದರೂ ಹಿಂದೆ ಹೋಗಿ ಡಿಕ್ಕಿಯ ಮೇಲೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.

ಮನೆಯವಳಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಾಳೆ.

ಮಾರ್ಚ್ 9, ಭಾನುವಾರ

ತಂಗಿ ಬಂದಳು. ಡ್ರೈವಿಂಗ್ ಲೈಸೆನ್ಸ್ ಕೈಯಲ್ಲಿ ಹಿಡಿದುಕೊಂಡು, ಮಗು ಮಾರ್ಕ್ಸ್‌ಕಾರ್ಡ್ ತೋರಿಸುವ ಹಾಗೆ. ಅರವತ್ತಾಯಿತು ಅವಳಿಗೆ.

"ಈ ವಯಸ್ಸಲ್ಲಿ ಯಾಕೇ ನಿಂಗೆ ಡ್ರೈವಿಂಗು?"

"ನಿಂಗೆ ಎಪ್ಪತ್ತರಲ್ಲಿ ಸ್ಪ್ಯಾನರ್ ಹಿಡಿಯೋಕಾಗುತ್ತೆ, ನಂಗೆ ಅರವತ್ತರಲ್ಲಿ ಸ್ಟೀರಿಂಗ್ ಹಿಡಿಯೋಕಾಗಲ್ವಾ? ನಿನ್ನ ಕೈಗಿಂತ ನನ್ನ ಕೈ ಗಟ್ಟಿ ಇದೆ. ನೋಡು ಬೇಕಾದ್ರೆ."

"ಕಲಿತದ್ದಾಯ್ತಲ್ಲ. ಹೊಸ ಗಾಡಿ ತಗೋ. ಈ ಡಬ್ಬಾ ಯಾಕೆ?"

ಸ್ಟೂಲು ಎಳೆದುಕೊಂಡು ಕೂತಳು. ಗಾಡಿಯ ಕಡೆ ನೋಡಲಿಲ್ಲ, ನೆಲ ನೋಡುತ್ತಾ ಹೇಳಿದಳು.

"ಅಣ್ಣಾ, ನಾನು ಆ ಇಳಿಜಾರಿನಲ್ಲಿ ಇದೇ ಗಾಡೀಲಿ ಇಳೀಬೇಕು. ಇಪ್ಪತ್ತಮೂರನೇ ತಾರೀಕು, ಅದೇ ಹೊತ್ತಿಗೆ. ಕಣ್ಣು ಚೆನ್ನಾಗಿರೋರಿಗೆ ಆ ತಿರುವು ಎಲ್ಲಿಂದ ಕಾಣುತ್ತೆ ಅಂತ ನೋಡ್ಬೇಕು."

"ನೋಡಿ ಏನ್ ಮಾಡ್ತೀಯ?"

"ಕಣ್ಣಿನ ಆಪರೇಷನ್‌ಗೆ ತಾರೀಕು ಕೊಟ್ಟಿದ್ರು. ಮಾರ್ಚ್ ಹತ್ತು. ನಾನೇ ಮುಂದೆ ಹಾಕಿಸ್ದೆ. ಮಗಳ ಮನೆಗೆ ಹೋಗೋದಿತ್ತು ನಂಗೆ. ಹದಿನೈದು ದಿನಕ್ಕೆ ಏನಾಗುತ್ತೆ ಅಂದೆ. ಅವ್ರು ಪಾಪ, ಸರಿ ಅಂದ್ರು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಗಾಡಿ ಸರಿ ಇತ್ತು. ನೀನೇ ಎರಡು ದಿನ ಮುಂಚೆ ನೋಡಿ ಕಳಿಸಿದ್ದೆ. ನೀನು ನೋಡಿದ ಗಾಡಿ ಕೈ ಕೊಡಲ್ಲ. ಹಾಗಾದ್ರೆ ಇನ್ನೇನು? ಕಣ್ಣೇ. ನಾನು ಕೊಂದೆ ಕಣೋ ಅವ್ರನ್ನ."

ನನ್ನ ಕೈಯಲ್ಲಿ ಹದಿನೈದರ ಸ್ಪ್ಯಾನರ್ ಇತ್ತು. ಅದನ್ನೇ ಒರೆಸುತ್ತಾ ನಿಂತೆ. ಹೇಳುವ ಜಾಗ ಅದೇ ಆಗಿತ್ತು. ಬಾಯಿ ತೆರೆದೆ.

"ಟೀ ಕುಡಿತೀಯಾ?" ಅಂದೆ.

ಥೂ.

ಮಾರ್ಚ್ 19, ಬುಧವಾರ

ಹತ್ತು ದಿನ ಶೆಡ್ಡಿಗೆ ಹೋಗಲಿಲ್ಲ. ಜ್ವರ ಅಂದೆ. ಮನೆಯವಳು ಹಣೆ ಮುಟ್ಟಿ ನೋಡಿ, "ಎಲ್ಲಿದೆ ಜ್ವರ, ಬಾಯಲ್ಲಾ?" ಅಂದಳು.

ನಲ್ಲಿ ತಿರುಗಿಸಿದರೆ ಕೂಗು. ಬಾಗಿಲು ತೆಗೆದರೆ ಕೂಗು. ಬಾಗಿಲ ತಿರುಗಣಿಗಳಿಗೆಲ್ಲ ಎಣ್ಣೆ ಬಿಟ್ಟೆ. ಆಮೇಲೆ ಬಾಗಿಲುಗಳು ಸುಮ್ಮನಾದವು, ಕೂಗು ಸುಮ್ಮನಾಗಲಿಲ್ಲ.

ಇವತ್ತು ಹೋದೆ. ಬೆಲ್ಟ್ ಇಳಿಸಿದೆ. ಬೆಲ್ಟನ್ನು ಬಿಗಿಯಾಗಿ ಒತ್ತಿ ಹಿಡಿಯುವ ಟೆನ್ಷನರ್ ಇದೆಯಲ್ಲ, ಅದರ ರೋಲರನ್ನು ಬೆರಳಲ್ಲಿ ತಿರುಗಿಸಿದೆ. ಗರ್… ಅಂದಿತು. ಬೇರಿಂಗ್ ಒಣಗಿ ಮರಳಾಗಿದೆ. ಕೂಗು ಇದರದ್ದೇ. ಹೋದ ವರ್ಷ ಇದು ಬಿಗಿಹಿಡಿದು ಬೆಲ್ಟನ್ನು ಜಾರಿಸಿ ಕೂಗಿಸಿತು, ಈಗ ಇದೇ ಕೂಗುತ್ತಿದೆ. ಬೆಲ್ಟನ್ನು ಸುಟ್ಟು ತಿಂದದ್ದೂ ಇದೇ.

ಗಾಡಿಗೆ ಒರಗಿ ಕೂತುಬಿಟ್ಟೆ. ಅವತ್ತು ನಾನು ಹೊಸ ಬೆಲ್ಟ್ ಹಾಕಿದ್ದರೂ ಈ ರೋಲರ್ ಅದನ್ನೂ ತಿನ್ನುತ್ತಿತ್ತು. ಹೊಸದೂ ಹರಿಯುತ್ತಿತ್ತು. ಹಾಗಾದರೆ ನನ್ನ ಸೋಪಿನದೇನೂ ಇಲ್ಲ! ಒಂದು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಸಿರು ಎಳೆದುಕೊಂಡೆ. ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ. ಮನೆಯವಳು ದೃಷ್ಟಿ ಹಾಕುವವಳ ಹಾಗೆ ನೋಡುತ್ತಿದ್ದಳು.

ಕೈ ತೊಳೆಯುವಾಗ ಹೊಳೆಯಿತು.

ಹೊಸ ಬೆಲ್ಟ್ ಹಾಕಬೇಕಾದರೆ ಹಳೆಯದನ್ನು ಇಳಿಸಬೇಕು. ಇಳಿಸಿದ ಮೇಲೆ ರೋಲರುಗಳನ್ನು ಒಂದೊಂದಾಗಿ ಬೆರಳಲ್ಲಿ ತಿರುಗಿಸಿ ನೋಡದೆ ಹೊಸದನ್ನು ಏರಿಸುವುದಿಲ್ಲ. ಐವತ್ತು ವರ್ಷದಲ್ಲಿ ಒಮ್ಮೆಯೂ ಏರಿಸಿಲ್ಲ. ಕಲಿಸಿದ ಯಜಮಾನ ಕಪಾಳಕ್ಕೆ ಬಿಗಿದು ಕಲಿಸಿದ್ದು. ಅವತ್ತು ಬೆಲ್ಟ್ ಇಳಿಸಿದ್ದರೆ ಬೆರಳಿಗೆ ಗೊತ್ತಾಗುತ್ತಿತ್ತು. ಅರ್ಧ ಗಂಟೆ ಕೆಲಸ.

ಈ ತಿಂಗಳು ನಾಲ್ಕನೇ ತಾರೀಕು ಬೆಲ್ಟ್ ಹಾಕುವಾಗ ಯಾಕೆ ತಿರುಗಿಸಿ ನೋಡಲಿಲ್ಲ? ಐದಕ್ಕೆ ಪುಲಿಗಳನ್ನೆಲ್ಲ ಉಜ್ಜಿದವನು ಇದೊಂದನ್ನು ಯಾಕೆ ಮುಟ್ಟಲಿಲ್ಲ? ಬೆರಳಿಗೆ ಗೊತ್ತಿತ್ತು ಅಂತ ಕಾಣುತ್ತದೆ. ನನಗಿಂತ ಮೊದಲೇ.

ಉಂಡದ್ದೆಲ್ಲ ವಾಂತಿಯಾಯಿತು.

ಮಾರ್ಚ್ 20, ಗುರುವಾರ

ಹೊಸ ಟೆನ್ಷನರ್. ಇನ್ನೊಂದು ಹೊಸ ಬೆಲ್ಟ್, ಮೊದಲಿನದು ಆ ರೋಲರ್ ಮೇಲೆ ಓಡಿದ್ದು, ಬೇಡ. ಎಲ್ಲ ಪುಲಿ ತಿರುಗಿಸಿ ನೋಡಿದೆ. ಎರಡೆರಡು ಸಲ. ಬೋಲ್ಟು ಬಿಗಿ ಮಾಡಿ ಸುಣ್ಣದ ಗುರುತು ಹಾಕಿದೆ.

ಸ್ಟಾರ್ಟ್. ನೂರು ಎಣಿಸಿದೆ. ಇನ್ನೂರು ಎಣಿಸಿದೆ. ಏನಿಲ್ಲ. ಗಡಿಯಾರದ ಹಾಗೆ ಓಡುತ್ತಿದೆ.

ನನಗೆ ಮಾತ್ರ ಕೇಳುತ್ತಿದೆ. ಎಂಜಿನ್ ಆಫ್ ಮಾಡಿದ ಮೇಲೆ.

ಮಾರ್ಚ್ 22, ಶನಿವಾರ

ತಂಗಿ ಫೋನ್ ಮಾಡಿದಳು. ನಾಳೆ ಹತ್ತಕ್ಕೆ ಬರುತ್ತಾಳಂತೆ. "ನೀನೇ ನೋಡಿದ್ಮೇಲೆ ನಂಗೆ ಧೈರ್ಯ ಅಣ್ಣಾ" ಅಂದಳು.

ನಾಳೆ ಅವಳು ಇಳಿಜಾರಿನಲ್ಲಿ ಇಳಿಯುತ್ತಾಳೆ. ತಿರುವು ದೂರದಿಂದಲೇ ಚೆನ್ನಾಗಿ ಕಾಣುತ್ತದೆ. ನಾನು ಹೋಗಿ ನೋಡಿದ್ದೇನೆ, ಅರ್ಧ ಫರ್ಲಾಂಗಿನಿಂದ ಕಾಣುತ್ತದೆ. ಅವಳಿಗೂ ಕಾಣುತ್ತದೆ. ಕಂಡ ಕೂಡಲೇ, ಅವರಿಗೆ ಮಾತ್ರ ಕಾಣಲಿಲ್ಲ, ನನ್ನಿಂದ, ಅಂತ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಯಾವ ಸ್ಪ್ಯಾನರಿನಿಂದಲೂ ಬಿಚ್ಚಲಿಕ್ಕಾಗುವುದಿಲ್ಲ.

ನನ್ನ ಪಾಪ ಅವಳು ಹೊತ್ತುಕೊಂಡು ತಿರುಗುತ್ತಿದ್ದಾಳೆ. ನಾನು ಟೀ ಕುಡಿತೀಯಾ ಅಂತಿದ್ದೇನೆ.

ನಾಳೆ ಕೀ ಕೊಡುವ ಮೊದಲು.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 10.50

ಹೇಳಿದೆ.

ಸೀಟಿನಲ್ಲಿ ಕೂತು ಸೀಟ್‌ಬೆಲ್ಟ್ ಕಟ್ಟಿಕೊಂಡು ಕೈ ಚಾಚಿದಳು. "ಕೀ ಕೊಡು ಅಣ್ಣಾ."

"ಒಂದು ಮಾತಿದೆ."

"ಬಂದ್ಮೇಲೆ ಹೇಳು."

"ಬಂದ್ಮೇಲಲ್ಲ, ಈಗ. ಮೇಷ್ಟ್ರ ಕಣ್ಣಿಂದ ಆದದ್ದಲ್ಲ ಕಣೇ ಅದು."

"ನಿಂಗೇನ್ ಗೊತ್ತು? ಡಾಕ್ಟ್ರಾ ನೀನು?"

"ನಾನು ಪೆಡಲ್ ನೋಡಿದೀನಿ."

ಇದನ್ನು ಈ ಡೈರಿಯಲ್ಲಿಯೂ ಬರೆದಿರಲಿಲ್ಲ. ಬ್ರೇಕ್ ಪೆಡಲಿನ ಕಬ್ಬಿಣದ ಕಾಲು ಬಗ್ಗಿಹೋಗಿತ್ತು. ಹೆಬ್ಬೆರಳು ದಪ್ಪದ ಪಟ್ಟಿ. ಸುಮ್ಮನೆ ಒತ್ತಿದರೆ ಬಗ್ಗುವಂಥದ್ದಲ್ಲ. ಎರಡೂ ಕಾಲಿಟ್ಟು, ಸೀಟಿನಿಂದ ಎದ್ದು, ಮೈಭಾರವೆಲ್ಲ ಹಾಕಿದರೆ ಬಗ್ಗೀತು. ಹೋದ ತಿಂಗಳು ಸದ್ದಿಲ್ಲದೆ ಬೇರೆ ಹಾಕಿದೆ.

ಹಾಗೇ ಹೇಳಿದೆ ಅವಳಿಗೆ. "ತಿರುವು ಅವ್ರಿಗೆ ಕಾಣಿಸಿದೆ. ಮೊದಲೇ ಕಾಣಿಸಿದೆ. ನಿಂತ್ಕೊಂಡು ಒತ್ತಿದಾರೆ. ಹಿಡೀಲಿಲ್ಲ ಅಷ್ಟೇ."

"ಯಾಕೆ ಹಿಡೀಲಿಲ್ಲ?"

ಬೆಲ್ಟು, ಸೋಪು, ಆಯ್ತು ಅಂದದ್ದು, ತನಿಖೆಯವನಿಗೆ ಇರಬಹುದು ಸಾರ್ ಅಂದದ್ದು, ಎಲ್ಲಾ ಹೇಳಿದೆ. ಕಿಟಕಿಯ ಅಂಚು ಹಿಡಿದುಕೊಂಡು ನಿಂತಿದ್ದೆ. ಅವಳು ಅಳುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಎದುರಿನ ಗೋಡೆಯನ್ನೇ ನೋಡುತ್ತಿದ್ದಳು.

"ಸೋಪು ಅಂದ್ರೆ… ಬಟ್ಟೆ ಒಗೆಯೋ ಸೋಪಾ?"

"ಹೂಂ."

"ಅವತ್ತು ಮನೆಗೆ ಬಂದು ಹೇಳಿದ್ರು. ಹೊಸ ಬೆಲ್ಟ್ ಹಾಕಿಕೊಟ್ರು, ಸದ್ದೇ ಇಲ್ಲ ನೋಡು, ನಿಮ್ಮಣ್ಣನ ಬಾಯಿ ಒರಟು, ಕೈ ಬಂಗಾರ ಅಂತ."

ಕಿಟಕಿಯ ಅಂಚಿನಿಂದ ಕೈ ತೆಗೆದೆ.

"ಒಂದು ವರ್ಷ ನನ್ನನ್ನ ನೋಡ್ತಾನೇ ಇದ್ದೆ ನೀನು" ಅಂದಳು. "ನಾನು ಊಟ ಬಿಟ್ಟಿದ್ದು ನೋಡ್ದೆ. ಗೋಡೆ ಮೇಲಿಂದ ಅವ್ರ ಫೋಟೋ ಇಳಿಸಿದ್ದು ನೋಡ್ದೆ. ಮುಖ ನೋಡೋಕಾಗಲ್ಲ ಅಂದಿದ್ದೆ ನಿನ್ಹತ್ರಾನೇ."

ಆಮೇಲೆ ಇಳಿದಳು. ಬಾನೆಟ್ ಎತ್ತು ಅಂದಳು. ಎತ್ತಿದೆ.

"ಎಲ್ಲಿದೆ ಬೆಲ್ಟು? ತೋರ್ಸು."

ತೋರಿಸಿದೆ. ಬೆರಳಿಟ್ಟು ಮುಟ್ಟಿದಳು. ರೋಲರ್ ಯಾವುದು ಅಂದಳು, ಅದನ್ನೂ ಮುಟ್ಟಿದಳು. ಪಂಪು, ಪೈಪು, ಬ್ರೇಕ್ ಎಣ್ಣೆಯ ಡಬ್ಬಿ, ಒಂದೊಂದೂ. ಬೆರಳು ಮೂಗಿಗೆ ಹಿಡಿದು ಮೂಸಿ ನೋಡಿದಳು. ನಾನು ನೋಡಿದರೆ ಸಾಕು ಅನ್ನುತ್ತಿದ್ದವಳು.

ನನ್ನ ಕೈಯಿಂದ ಕೀ ಕಿತ್ತುಕೊಂಡಳು. "ನಾನೂ ಬರ್ತೀನಿ" ಅಂದೆ. ಬಾಗಿಲು ಹಾಕಿಕೊಂಡಳು. ಹೋದಳು.

11.20

ಇನ್ನೂ ಬಂದಿಲ್ಲ. ಹೋಗಿ ಬರಲು ಕಾಲು ಗಂಟೆ ಸಾಕು.

ಇಂಥ ಮಾತು ಹೇಳಿ ಮೊದಲ ಸಲ ಅವಳೊಬ್ಬಳನ್ನೇ ರಸ್ತೆಗೆ ಬಿಟ್ಟಿದ್ದೇನೆ. ಬುದ್ಧಿ ಇದೆಯೇ ನನಗೆ. ಟೆನ್ಷನರ್ ಬೋಲ್ಟು ಬಿಗಿ. ಡೈನಮೋ ಬೋಲ್ಟು ಎರಡೂ ಬಿಗಿ. ಪಂಪಿನ ಪೈಪಿಗೆ ಕ್ಲಿಪ್ಪು ಹಾಕಿದೆ. ಹಾಕಿದೆನೇ? ಹಾಕಿದೆ, ಅವಳು ಮುಟ್ಟಿದಾಗ ನೋಡಿದೆ.

ಕೂಗು ಕೇಳುತ್ತಿಲ್ಲ. ಕಿವಿಗೊಟ್ಟು ಕೂತಿದ್ದೇನೆ, ಎಲ್ಲಿಂದಲೂ ಇಲ್ಲ. ಇದು ಇನ್ನೂ ಹೆದರಿಕೆ.

ಮನೆಯವಳು, "ಎಲ್ಲಿಗೆ ಹೋದ್ಲು ನಿಮ್ಮ ತಂಗಿ, ಊಟಕ್ಕಿರ್ತಾಳಾ?" ಅಂದಳು. ಗೊತ್ತಿಲ್ಲ ಅಂದೆ.

11.45

ಗಾಡಿ ಬಂತು. ಗೇಟಿನ ಹತ್ತಿರವೇ ನಿಲ್ಲಿಸಿದ್ದಾಳೆ, ಒಳಗೆ ತಂದಿಲ್ಲ. ಎಂಜಿನ್ ಆಫ್ ಮಾಡಿಲ್ಲ. ಕಿಟಕಿಯಿಂದ ಅರ್ಧ ಮುಖ ಕಾಣುತ್ತಿದೆ. ಪೆಟ್ಟಾಗಿಲ್ಲ. ಸದ್ಯ.

ಕರೆಯುತ್ತಿದ್ದಾಳೆ. "ಮೆಕ್ಯಾನಿಕ್, ಸ್ವಲ್ಪ ಹೊರಗೆ ಬನ್ನಿ."

ಮನೆಯವಳು ಅಡುಗೆಮನೆಯಿಂದಲೇ, "ರೀ, ಯಾರೋ ಗಿರಾಕಿ ಬಂದ ಹಾಗಿದೆ, ನೋಡಿ" ಅಂದಳು.

ಅರವತ್ತು ವರ್ಷ ಅಣ್ಣಾ ಬಾ, ಬಾರೋ ಅಂದ ಬಾಯಿ. ಬನ್ನಿ ಅಂತೆ.

ಮತ್ತೆ ಕರೆದಳು. ಹೋಗಬೇಕು. ಮೊದಲು ಏನು ಹೇಳಲಿ, ಅವಳನ್ನು ಏನಂತ ಕರೆಯಲಿ, ನೀನು ಅನ್ನಲೋ, ನೀ